ಕಲ್ಯಾಣದ ಎಂ.ಪಿ. ಯಾರು?

ನಾನಿರುವುದು ಕಲ್ಯಾಣದಲ್ಲಿ ಎಂದರೆ ಊರಕಡೆಯ ಹಿರಿಯರು ಇಂದಿಗೂ ಬಸವಣ್ಣನವರ ಕಲ್ಯಾಣವನ್ನೇ ನೆನೆಯುತ್ತಾರೆ. ‘ಅದಲ್ಲ, ಮುಂಬಯಿ ಹತ್ತಿರದ್ದು’ ಎಂದು ತಿಳಿಸಿ ಹೇಳಬೇಕು. ನಮ್ಮ ಕಲ್ಯಾಣವೂ ನಿನ್ನೆ ಮೊನ್ನೆಯ ಊರಲ್ಲ. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಇದರ ಹೆಸರಿದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ನಾವಿಕರು ಬಲ್ಲ ಬಂದರು ಇದು.

ಇಂಥ ಊರಿನ ಪರವಾಗಿ ದಿಲ್ಲಿಯಲ್ಲಿ ಮಾತಾಡುವವರು ಯಾರು? 2008ರವರೆಗೆ ಉತ್ತರ ಸುಲಭವಿತ್ತು. ನಾವು ಠಾಣೆ ಕ್ಷೇತ್ರದವರು. ರಾಂಭಾವು ಮ್ಹಾಳಗಿ, ರಾಮ್ ಕಾಪ್ಸೆ, ಪ್ರಕಾಶ ಪರಾಂಜಪೆ ಅಲ್ಲಿಂದ ಆರಿಸಿ ಬಂದವರು. ಕ್ಷೇತ್ರಗಳ ಪುನರ್ವಿಂಗಡಣೆಯಾಗಿ 2009ರ ಚುನಾವಣೆಯಲ್ಲಿ ‘ಕಲ್ಯಾಣ’ವೆಂಬ ಹೆಸರಿನದೇ ಕ್ಷೇತ್ರ ಬಂತು. ಡೊಂಬಿವಲಿ, ಉಲ್ಹಾಸನಗರ, ಅಂಬರನಾಥ, ಕಲ್ಯಾಣ ಪೂರ್ವ, ಕಲ್ಯಾಣ ಗ್ರಾಮೀಣ, ಮುಂಬ್ರಾ-ಕಳವಾ ಅದರೊಳಗೆ ಸೇರಿದವು. ಆದರೆ ದುರ್ಗಾಡಿ ಕೋಟೆಯಿರುವ ಹಳೆಯ ಪೇಟೆ, ಅಂದರೆ ಕಲ್ಯಾಣ ಪಶ್ಚಿಮ, ಭಿವಂಡಿ ಕ್ಷೇತ್ರಕ್ಕೆ ಹೋಯಿತು! ಹೆಸರು ಒಂದು ಕಡೆ, ಊರು ಇನ್ನೊಂದು ಕಡೆ.

ಐರ್ಲೆಂಡಿನ ಕಿನ್‌ಸೇಲ್ ಎಂಬ ಹಳೆಯ ಬಂದರಿನ ಕಥೆ ಬೇರೆ. ಅದು ಡಬ್ಲಿನ್ನಿನ ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸುತ್ತಿತ್ತು. 1801ರಿಂದ ಲಂಡನ್ನಿಗೆ ಒಬ್ಬನನ್ನು ಕಳಿಸಿತು. 1885ರಲ್ಲಿ ಆ ಹಕ್ಕೂ ಹೋಗಿ ಸುತ್ತಲಿನ ಕೌಂಟಿಯಲ್ಲಿ ಕರಗಿತು. ಊರಿನ ಹಿರಿಮೆಗಿಂತ ತಲೆಯೆಣಿಕೆ ದೊಡ್ಡದೆಂಬುದು ಅಲ್ಲಿಯ ನ್ಯಾಯ, ಇಲ್ಲಿಯದೂ ಅದೇ. ನ್ಯಾಯ ಸರಿಯೇ, ತೊಡಕು ನಮ್ಮಂಥವರದು.

ಊರಿಗೆ ಇನ್ನೊಂದು ರೈಲು ಬೇಕೆಂದು ಮನವಿ ಬರೆಯುತ್ತೇವೆನ್ನಿ. ಕೊಡುವುದು ಯಾರಿಗೆ? ಒಂದೇ ಕಾರ್ಪೊರೇಷನ್ನಿಗೆ ತೆರಿಗೆ ಕಟ್ಟಿದರೂ ನಾನು ಭಿವಂಡಿಯವ, ಡೊಂಬಿವಲಿಯ ನನ್ನ ಮಗಳು ಕಲ್ಯಾಣದವಳು. ಐರೋಲಿ, ಬೇಲಾಪುರದ ಬಂಧುಗಳು ಠಾಣೆಯವರು. ಒಂದೊಂದು ಕ್ಷೇತ್ರದಲ್ಲಿಯೂ ಸುಮಾರು ಇಪ್ಪತ್ತರಿಂದ ಇಪ್ಪತ್ತೈದು ಲಕ್ಷ ಮತದಾರರು. ಮೂರು ಕಡೆ ಹಂಚಿಹೋದ ನಾವು ಸಾಗರದಲ್ಲಿ ಸಾಸಿವೆ.

ನನ್ನ ತಾಯಿ ಕಡೆಯವರೆಗೂ ತಮ್ಮ ಹೆಸರನ್ನು ಊರಿನ ಮತದಾರರ ಪಟ್ಟಿಯಿಂದ ತೆಗೆಸಲು ಒಪ್ಪಲಿಲ್ಲ. ‘ಅದೂ ಹೋದರೆ ನಾನು ಎಲ್ಲಿಯವಳೋ?’ ಎನ್ನುತ್ತಿದ್ದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಕಾನೂನು ಒಂದೇ ಕಡೆ ಹೆಸರಿರಲು ಬಿಡುತ್ತದೆ. ನೀರು, ರೈಲು, ರಸ್ತೆಗಾಗಿ ನಾವು ಗೋಳಾಡುವುದು ಇಲ್ಲಿ. ಮತವೂ ಇಲ್ಲೇ ಇರುವುದು ಮೇಲು. ಮನವಿ ಒಂದೇ ಇರಲಿ, ಪ್ರತಿ ಮೂರಾಗಲಿ, ಮೂರು ಕಡೆಯೂ ನಮ್ಮವರೇ ಹೋಗಿ ಕೊಡಲಿ. ಕೊಡುವವರ ಹೆಸರು ಅಲ್ಲಿಯ ಪಟ್ಟಿಯಲ್ಲಿದ್ದರೆ ಸಾಕು.