ಗೋಮುಖದ ಹಾದಿಯಲ್ಲಿ ಒಂದು ಸಂಶಯ

ಗಂಗೋತ್ರಿಯ ಗುಡಿಯಲ್ಲಿ ಕೈಮುಗಿದ ಯಾತ್ರಿಕರಲ್ಲಿ ಬಹುಮಂದಿ ಅಲ್ಲಿಂದಲೇ ಹಿಂದಿರುಗುತ್ತಾರೆ. ಕಾಲಲ್ಲಿ ಕಸುವಿದ್ದವರು ಅನುಮತಿ ಪತ್ರ ಪಡೆದು ಭಾಗೀರಥಿಯ ದಡ ಹಿಡಿದು ಮೇಲೇರುತ್ತಾರೆ. ಚೀಡ್‌ಬಾಸಾದ ಪೈನ್ ಮರಗಳು, ಭೋಜ್‌ಬಾಸಾದ ಬೋಳು ಬಯಲು ದಾಟಿ 18 ಕಿ.ಮೀ. ನಡೆದರೆ ಗೋಮುಖ. ಸುಮಾರು 30 ಕಿ.ಮೀ. ಉದ್ದದ ಹಿಮನದಿಯ ಬಾಯಿಂದ ನದಿ ಭೋರ್ಗರೆಯುತ್ತ ಹೊರಬೀಳುತ್ತದೆ. ಬೆಳ್ಳಗಿನ ಹಿಮದ ಕನಸು ಕಂಡು ಬಂದವರಿಗೆ ಎದುರಾಗುವುದು ಕಲ್ಲುಮಣ್ಣು ಮೆತ್ತಿದ ಮಂಜುಗಡ್ಡೆಯ ಗೋಡೆ.

1935ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ.ಬಿ. ಆಡೆನ್ ಈ ಬಾಯಿ ಎಲ್ಲಿದೆಯೆಂದು ನಕ್ಷೆಯಲ್ಲಿ ಗುರುತಿಸಿದರು. ಅಂದಿನಿಂದ ಅದು ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ.

ಇದಕ್ಕೆ ಮನುಷ್ಯನೇ ಕಾರಣನೇ? ದೊಡ್ಡದೊಂದು ವಾದ ಇದೇ ಹಿಮನದಿಯನ್ನು ಸುತ್ತಿಕೊಂಡಿತ್ತು. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗಬಹುದೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2007ರ ವರದಿಯಲ್ಲಿ ಬರೆದಿತ್ತು. ಹಿರಿಯ ಭೂವಿಜ್ಞಾನಿ ವಿ.ಕೆ. ರೈನಾ ಇಂಥ ಭಯವನ್ನು ಒಪ್ಪಲಿಲ್ಲ. ಹಿಮನದಿಗಳ ಹಿಂಜರಿತ ಅಸಹಜವೇನಲ್ಲ, 2007ರ ಸೆಪ್ಟೆಂಬರಿನಿಂದ 2009ರ ಜೂನ್‌ವರೆಗೆ ಗಂಗೋತ್ರಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ ಎಂದು 2009ರಲ್ಲಿ ಬರೆದರು. 2010ರ ಜನವರಿಯಲ್ಲಿ ಸಮಿತಿ 2035ರ ಮಾತಿಗೆ ತಕ್ಕ ಆಧಾರವಿರಲಿಲ್ಲವೆಂದು ವಿಷಾದ ಸೂಚಿಸಿತು. ಸಂಶಯ ಒಂದು ತಪ್ಪನ್ನು ತಿದ್ದಿತು.

ಆದರೆ ಒಂದು ಅಂಕಿ ತಪ್ಪಾದ ಮಾತ್ರಕ್ಕೆ ಇಡೀ ಲೆಕ್ಕ ಸುಳ್ಳಾಗುವುದಿಲ್ಲ. ಹಿಮನದಿಯದು ಬ್ಯಾಂಕಿನ ಪಾಸ್‌ಬುಕ್ ಇದ್ದಂತೆ. ಬಿದ್ದ ಹಿಮ ಜಮೆ, ಕರಗಿದ್ದು ಖರ್ಚು. ಬಾಯಿ ಎರಡು ವರ್ಷ ಅಲ್ಲಾಡದಿದ್ದರೂ ಮೈ ಒಳಗೊಳಗೇ ತೆಳುವಾಗುತ್ತಿರಬಹುದು. ಮೇಲಿನ ಬದಲಾವಣೆ ಬಾಯಿಯವರೆಗೆ ಬರಲು ದಶಕಗಳೇ ಹಿಡಿಯಬಹುದು. ಹಾಗಾಗಿ ಒಂದೆರಡು ವರ್ಷದ ಪುಟ ನೋಡಿ ತೀರ್ಪು ಕೊಡುವಂತಿಲ್ಲ.

ಶೀತಲ ಸಮರದ ಕಾಲದ ಬೇಹುಗಾರಿಕಾ ಉಪಗ್ರಹಗಳ ಚಿತ್ರಗಳನ್ನು ಹೊಸ ಚಿತ್ರಗಳೊಂದಿಗೆ ಹೋಲಿಸಿ, ಹಿಮಾಲಯದ ಸುಮಾರು 650 ಹಿಮನದಿಗಳ ಲೆಕ್ಕವನ್ನು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. 1975ರಿಂದ 2000ದವರೆಗೆ ಕರಗಿದ ವೇಗಕ್ಕಿಂತ 2000ದಿಂದ 2016ರವರೆಗಿನ ವೇಗ ಇಮ್ಮಡಿ. ಅತ್ತ ಕಾರಾಕೋರಂನ ಕೆಲವು ಹಿಮನದಿಗಳು ಸ್ಥಿರವಾಗಿದ್ದವು, ಕೆಲವು ಮುಂದೆಯೂ ಬಂದವು. ವಿಜ್ಞಾನಿಗಳು ಅದನ್ನೂ ಮುಚ್ಚಿಡಲಿಲ್ಲ. ಜಗತ್ತಿನಾದ್ಯಂತ 1990ರ ದಶಕದಿಂದ ಹಿಮನದಿಗಳು ಹಿಂದೆ ಸರಿಯಲು ಬಹುಮಟ್ಟಿಗೆ ಮನುಷ್ಯನೇ ಮುಖ್ಯ ಕಾರಣವೆಂದು ಅದೇ ಸಮಿತಿ 2021ರಲ್ಲಿ ಹೇಳಿತು.

ಗೋಮುಖದ ಮುಂದೆ ನಿಂತ ಮಗ ಅಥವಾ ಮಗಳು, 'ಇದೆಲ್ಲ ನಿಜವೇ?' ಎಂದು ಕೇಳಿದರೆ ತಂದೆತಾಯಿ ಗದರಬೇಕಿಲ್ಲ. ರೈನಾ ಅವರೂ ಅದನ್ನೇ ಕೇಳಿದ್ದರು. ಆದರೆ ಪ್ರಶ್ನೆ ಕೇಳಿದವರು ಉತ್ತರ ಬರುವವರೆಗೂ ನಿಲ್ಲಬೇಕು, ಉತ್ತರ ತಮ್ಮ ನಂಬಿಕೆಗೆ ವಿರುದ್ಧವಾಗಿ ಬಂದರೂ ಒಪ್ಪಬೇಕು. ಆಡೆನ್ ಗುರುತಿಸಿದ ಜಾಗದಲ್ಲಿ ಇಂದು ಹಿಮವಿಲ್ಲ, ಬರೀ ಕಲ್ಲುಗಳಿವೆ. ಅಲ್ಲಿಂದ ಗೋಮುಖದವರೆಗಿನ ದೂರವನ್ನು ಯಾರು ಬೇಕಾದರೂ ನಡೆದೇ ಅಳೆಯಬಹುದು.