ಕಡಲಿಲ್ಲದ ವೈಟ್‌ಫೀಲ್ಡ್‌ನಲ್ಲಿ ದೋಣಿ ಪಾಠ

ವೈಟ್‌ಫೀಲ್ಡ್ ಸಮುದ್ರ ಮಟ್ಟದಿಂದ ಹೆಚ್ಚೂಕಡಿಮೆ 900 ಮೀಟರ್ ಎತ್ತರದಲ್ಲಿದೆ. ಹತ್ತಿರದ ದೊಡ್ಡ ನೀರು ಅಂದರೆ ವರ್ತೂರು ಕೆರೆ. ಅದರ ನೊರೆಯ ಫೋಟೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಇಂಥ ಜಾಗದಲ್ಲಿ ಕೂತು ವಿದೇಶದ ಕಡಲಲ್ಲಿ ದೋಣಿ ನಡೆಸುವ ಸರ್ಟಿಫಿಕೇಟ್‌ಗೆ ಓದುವವರಿದ್ದಾರೆ ಅಂದರೆ ಊರಲ್ಲಿ ನಗುತ್ತಾರೆ. ಆದರೆ ಇದ್ದಾರೆ. ಗ್ರೀಸ್‌ಗೋ ಕ್ರೊಯೇಷಿಯಾಕ್ಕೋ ರಜೆಗೆ ಹೋಗಿ, ಡ್ರೈವರ್ ಇಲ್ಲದ ಬಾಡಿಗೆ ಕಾರಿನ ಹಾಗೆ ಹಾಯಿದೋಣಿ ತೆಗೆದುಕೊಂಡು ತಾವೇ ನಡೆಸಬೇಕು ಅನ್ನುವ ಆಸೆ ಅವರದು.

ಗ್ರಾಮೀಣ ಪತ್ರಿಕೋದ್ಯಮ ಓದಿದ ನಾವು ಮೂವರು ಈಗ ಕಾಡುಗೋಡಿಯಲ್ಲಿ ಒಂದೇ ರೂಮಿನಲ್ಲಿದ್ದೇವೆ. ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರು ಈ ಪರೀಕ್ಷೆಗೆ ಓದುತ್ತಿದ್ದರು. ಕೇಳಿಸಿಕೊಳ್ಳಲು ಯಾರಾದರೂ ಇದ್ದರೆ ಪಾಠ ತಲೆಗೆ ಹತ್ತುತ್ತದೆ ಎಂದು ಸಂಜೆ ನಮ್ಮನ್ನೂ ಕೂರಿಸಿಕೊಂಡರು.

ಯುರೋಪಿನ ಹಲವು ದೇಶಗಳು ಕೇಳುವ ಕಾಗದದ ಹೆಸರು ಐಸಿಸಿ. ಮೋಜಿನ ದೋಣಿ ನಡೆಸಲು ಬರುತ್ತದೆ ಎಂದು ತೋರಿಸುವ ಅಂತಾರಾಷ್ಟ್ರೀಯ ಪತ್ರ ಅದು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ 1998ರಲ್ಲಿ ಮಾಡಿದ 40ನೇ ನಿರ್ಣಯ ಅದರ ಆಧಾರ. ನಮ್ಮ ಸರ್ಕಾರ ಅದನ್ನು ಕೊಡುವುದಿಲ್ಲ. ನಮ್ಮ ಸಹೋದ್ಯೋಗಿ ಹಿಡಿದದ್ದು ಬ್ರಿಟನ್ನಿನ ಆರ್‌ವೈಎ ಸಂಸ್ಥೆಯ 'ಡೇ ಸ್ಕಿಪ್ಪರ್' ದಾರಿ. ಥಿಯರಿಯನ್ನು ಆನ್‌ಲೈನ್‌ನಲ್ಲಿ ಮುಗಿಸಬಹುದು. ಪ್ರಾಯೋಗಿಕಕ್ಕೆ ಮಾತ್ರ ಕಡಲಿಗೇ ಇಳಿಯಬೇಕು. ಅದಕ್ಕೂ ಮೊದಲು 5 ದಿನ, 100 ನಾಟಿಕಲ್ ಮೈಲಿ, ರಾತ್ರಿ ಹೊತ್ತು 4 ಗಂಟೆ ದೋಣಿಯಲ್ಲಿ ಓಡಾಡಿದ ಅನುಭವ ಇರಬೇಕು. ಆಮೇಲೆ 5 ದಿನದ ತರಬೇತಿ. ಅದು ಕೈಗೆ ಬಂದ ಮೇಲೂ ಐಸಿಸಿ ಕೊಡುವ ಮುಂಚೆ ಯಾವ ದೇಶದ ಪ್ರಜೆ, ಎಲ್ಲಿ ವಾಸ ಅನ್ನುವುದನ್ನು ನೋಡುತ್ತಾರೆ. ಕ್ರೊಯೇಷಿಯಾದಲ್ಲಿ ರೇಡಿಯೊ ಬಳಸಲು ಬರುತ್ತದೆ ಎಂಬ ಇನ್ನೊಂದು ಸರ್ಟಿಫಿಕೇಟ್ ಕೂಡ ಬೇಕು.

ಪಾಠ ನಮಗೆ ರುಚಿಸಿತು. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್. ಎರಡು ಮೋಟಾರ್ ದೋಣಿ ಎದುರುಬದುರಾದರೆ ಎರಡೂ ಬಲಕ್ಕೆ ತಿರುಗಬೇಕು. ರಸ್ತೆಯಲ್ಲಿ ಎಡಕ್ಕೆ ಸರಿದು ಅಭ್ಯಾಸವಾದ ನಮಗೆ ಇದು ತಲೆಕೆಳಗು. ರಾತ್ರಿ ದೋಣಿಯ ಎಡಗಡೆ ಕೆಂಪು ದೀಪ, ಬಲಗಡೆ ಹಸಿರು. ಕತ್ತಲಲ್ಲಿ ಬರೀ ಕೆಂಪು ಕಂಡರೆ ಎದುರಿನ ದೋಣಿ ತನ್ನ ಎಡ ಮಗ್ಗುಲು ತೋರಿಸುತ್ತಿದೆ ಎಂದು ಲೆಕ್ಕ. ಪ್ರಾಣಕ್ಕೆ ಬಂದಾಗ ರೇಡಿಯೊದ 16ನೇ ಚಾನೆಲ್‌ನಲ್ಲಿ 'ಮೇಡೇ' ಎಂದು ಮೂರು ಸಲ ಕೂಗಬೇಕು. ಇನ್ನು ಬೋಲೈನ್ ಎಂಬ ಗಂಟು. ಎಷ್ಟು ಎಳೆದರೂ ಕುಣಿಕೆ ಬಿಗಿಯಾಗುವುದಿಲ್ಲ. ಹಸುವಿನ ಕೊರಳಿಗೆ ಹಗ್ಗ ಕಟ್ಟಿದವರಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ.

ಇದನ್ನೆಲ್ಲ ಇಲ್ಲಿ ಬರೆಯಲು ಕಾರಣ ಪೀಣ್ಯದ ಒಬ್ಬ ಹುಡುಗ. ನಮ್ಮಲ್ಲೊಬ್ಬರ ಊರಿನವನು, ಎಸ್‌ಎಸ್‌ಎಲ್‌ಸಿ ಪಾಸು, ಲೇತ್ ಮೆಷಿನ್ ಮೇಲೆ ಕೆಲಸ. ಅಪ್ಪ ತಲಕಾಡಿನ ಕಡೆ ಕಾವೇರಿಯಲ್ಲಿ ಹರಿಗೋಲು ಹಾಕುತ್ತಾರೆ. ಒಂದು ದಿನ ಅವನಿಂದ ಮೆಸೇಜ್ ಬಂತು. ಏಜೆಂಟ್ ಒಬ್ಬ 'ಇಂಟರ್‌ನ್ಯಾಷನಲ್ ಬೋಟ್ ಲೈಸೆನ್ಸ್' ಮಾಡಿಸಿಕೊಟ್ಟು ಯುರೋಪಿನಲ್ಲಿ ದೋಣಿ ನಡೆಸುವ ಕೆಲಸ ಕೊಡಿಸುತ್ತಾನಂತೆ, ಒಂದೂವರೆ ಲಕ್ಷ ಕೇಳಿದ್ದಾನಂತೆ. ಮನೆಯಲ್ಲಿ ಒಡವೆ ಅಡ ಇಡುವ ಮಾತು ನಡೆದಿತ್ತು.

ಭಾನುವಾರ ಅವನು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ನಮ್ಮ ರೂಮಿಗೆ ಬಂದ. ಸಹೋದ್ಯೋಗಿಯ ಪುಸ್ತಕ ಮುಂದಿಟ್ಟೆವು. ಗಾಳಿ ಯಾವ ಕಡೆಯಿಂದ ಬಂದರೆ ದೋಣಿ ಎತ್ತ ಜಾರುತ್ತದೆ, ನೀರಿಗೆ ಬಿದ್ದವನನ್ನು ಮೇಲೆ ಎಳೆಯಲು ಯಾವ ಮಗ್ಗುಲಿಂದ ಹೋಗಬೇಕು ಅನ್ನುವುದಕ್ಕೆ ನಾವು ಚಿತ್ರ ಬರೆದುಕೊಂಡು ಯೋಚಿಸಿದ್ದೆವು. ಅವನು ಚಿತ್ರ ನೋಡದೆಯೇ ಹೇಳಿದ. ಆದರೆ ಪುಸ್ತಕ ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್, ಫೀಸು ಅವನ ತಿಂಗಳುಗಳ ಸಂಬಳ. ನೀರು ಗೊತ್ತಿರುವವನಿಗೂ ಕಾಗದ ಸಿಗುವವನಿಗೂ ನಡುವೆ ಎಷ್ಟು ದೂರ ಇದೆ ಎಂದು ಅವತ್ತು ಕಣ್ಣಾರೆ ಕಂಡೆವು.

ಅವನಿಗೆ ಹೇಳಿದ ಮುಖ್ಯ ಮಾತು ನಿಮಗೂ ಹೇಳುತ್ತೇವೆ. ಐಸಿಸಿ ಇರುವುದು ಸ್ವಂತ ಮೋಜಿಗೆ. ಅದನ್ನು ಹಿಡಿದುಕೊಂಡು ಸಂಬಳಕ್ಕೆ ದೋಣಿ ನಡೆಸುವ ಹಾಗಿಲ್ಲ. ಸಂಬಳದ ಕೆಲಸಕ್ಕೆ ಬೇರೆ ಮಟ್ಟದ ಸರ್ಟಿಫಿಕೇಟ್, ವೈದ್ಯಕೀಯ ಪರೀಕ್ಷೆ, ಸುರಕ್ಷತಾ ತರಬೇತಿ ಬೇಕು.

ಹಡಗಿನ ಕೆಲಸವೇ ಬೇಕೆಂದರೆ ದಾರಿ ಬೇರೆ ಇದೆ. ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನ, ಗಣಿತ, ಇಂಗ್ಲಿಷ್ ಪಾಸಾದವರಿಗೆ ಆರು ತಿಂಗಳ ಜಿಪಿ ರೇಟಿಂಗ್ ಕೋರ್ಸ್ ಇದೆ. ಸೇರುವ ಮುಂಚೆ ಆ ಸಂಸ್ಥೆಗೆ ಕೇಂದ್ರದ ನೌಕಾಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿ ಶಿಪ್ಪಿಂಗ್‌ನ ಮಾನ್ಯತೆ ಇದೆಯೇ ನೋಡಿ. ಹಡಗು ಹತ್ತಲು ಸಿಡಿಸಿ ಎಂಬ ಪುಸ್ತಕ ಬೇಕು. ಕೆಲಸ ಕೊಡಿಸುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು. ಅದರ ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. 2016ರ ನಿಯಮದ ಪ್ರಕಾರ ಇಂಥ ಏಜೆನ್ಸಿ ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ದುಡ್ಡು ಕೇಳಿದ ಅಂದರೆ ಅಲ್ಲೇ ಸಂಶಯಪಡಿ.

ಕಾಗದ ಬರೀ ದೊಡ್ಡವರ ಶೋಕಿ ಎಂದು ನಾವು ಹೇಳುತ್ತಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಜನರನ್ನು ತರುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಎಷ್ಟು ಜನ ಹತ್ತಬೇಕು, ಲೈಫ್ ಜಾಕೆಟ್ ಯಾರಿಗೆಲ್ಲ ಇದೆ ಅನ್ನುವುದೇ ಆ ಇಂಗ್ಲಿಷ್ ಪುಸ್ತಕದ ಮೊದಮೊದಲ ಪಾಠ. ಅದು ಕನ್ನಡದಲ್ಲಿ ನಮ್ಮ ಹರಿಗೋಲಿನವರಿಗೆ, ಮೀನುಗಾರರಿಗೆ ಸಿಗಬೇಕು.

ಹುಡುಗ ದುಡ್ಡು ಕೊಡಲಿಲ್ಲ, ಒಡವೆ ಮನೆಯಲ್ಲೇ ಇದೆ. ಈಗ ಶಿಫ್ಟ್ ಮುಗಿಸಿ ಇಂಗ್ಲಿಷ್ ಓದುತ್ತಾನೆ, ಜಿಪಿ ರೇಟಿಂಗ್ ಅರ್ಜಿ ಯಾವಾಗ ಬರುತ್ತದೆ ಎಂದು ವಾರಕ್ಕೊಮ್ಮೆ ಕೇಳುತ್ತಾನೆ. ನಿಮ್ಮೂರಿನ ಹುಡುಗರಿಗೂ ಇಂಥ ಏಜೆಂಟರ ಮೆಸೇಜ್ ಬಂದಿದ್ದರೆ, ದುಡ್ಡು ಕಟ್ಟುವ ಮುಂಚೆ ಇದನ್ನು ಅವರಿಗೆ ಕಳಿಸಿ.