ಹಕಾರದ ಹಾಡುಗಳು

‘ಇಂಗ್ಲಿಷ್ ಹಾಡು ಕೇಳಬೇಕು ಅನ್ನಿಸಿದೆ, ಎಲ್ಲಿಂದ ಶುರು ಮಾಡಲಿ?’ ಎಂದು ಗೆಳೆಯರು ಯಾರಾದರೂ ಕೇಳಿದರೆ ನಾನು ಗಾಯಕರ ಹೆಸರು ಹೇಳುವುದಿಲ್ಲ. ರಾಕ್, ಬ್ಲೂಸ್, ಕಂಟ್ರಿ ಎಂಬ ವಿಂಗಡಣೆಗೂ ಹೋಗುವುದಿಲ್ಲ. ‘ಒಂದು ಅಕ್ಷರ ಹೇಳಿ’ ಅನ್ನುತ್ತೇನೆ. ಆ ಅಕ್ಷರದಿಂದ ಶುರುವಾಗುವ ಹಾಡುಗಳ ಪಟ್ಟಿ ಅಂದು ರಾತ್ರಿಯೇ ಅವರಿಗೆ ಹೋಗುತ್ತದೆ. ಅಂತ್ಯಾಕ್ಷರಿ ಆಡುತ್ತ ಬೆಳೆದ ನಮಗೆ ಈ ಆಟ ಹೊಸದೇನಲ್ಲ. ಅಕ್ಷರ ಸಿಕ್ಕರೆ ಸಾಕು, ಮರೆತೇ ಹೋಗಿದ್ದ ಹಾಡು ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ.

ನಿಯಮ ಎರಡೇ. ಒಬ್ಬ ಗಾಯಕರಿಗೆ ಅಥವಾ ಒಂದು ತಂಡಕ್ಕೆ ಒಂದೇ ಹಾಡು. ಶೀರ್ಷಿಕೆಯ ಮುಂದಿರುವ ‘ದಿ’ಯನ್ನು ಬಿಟ್ಟು ಎಣಿಸುವಂತಿಲ್ಲ. ಎರಡನೆಯ ನಿಯಮದಿಂದಾಗಿ ಅನಿಮಲ್ಸ್ ತಂಡದ 1964ರ ‘ದಿ ಹೌಸ್ ಆಫ್ ದಿ ರೈಸಿಂಗ್ ಸನ್’ ನನ್ನ ಮೆಚ್ಚಿನ ಪಟ್ಟಿಯಿಂದ ಹೊರಗುಳಿಯುತ್ತದೆ. ಆ ಆರ್ಗನ್ ನಾದವನ್ನು ನೆನೆದರೆ ಸಂಕಟವಾಗುತ್ತದೆ. ಆದರೆ ಬಿಗಿಯಿಲ್ಲದ ಆಟದಲ್ಲಿ ರುಚಿಯಿಲ್ಲ.

ನನ್ನ ಮೆಚ್ಚಿನ ಪಟ್ಟಿ ‘ಎಚ್’. ಅಕ್ಷರಕ್ಕೆ ಕಾಲ, ದೇಶ, ಅಭಿರುಚಿ ಯಾವುದೂ ಗೊತ್ತಿಲ್ಲ. ನಾನಾಗಿ ಎಂದೂ ಜೊತೆಗಿಡದ ಹಾಡುಗಳನ್ನು ಅದು ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಹಾಗೆ ಕೂರಿಸಿದ್ದರಿಂದಲೇ ನನಗೆ ಒಂದು ಸಂಗತಿ ಕಾಣಿಸಿತು: ಈ ಪಟ್ಟಿಯ ಅತ್ಯುತ್ತಮ ಹಾಡುಗಳಲ್ಲಿ ಮೂರು, ಹುಟ್ಟಿದ ಕಂಠದಿಂದ ಇನ್ನೊಂದು ಕಂಠಕ್ಕೆ ಹೋಗಿ ಬೇರೆಯೇ ಆದಂಥವು.

ಮೊದಲನೆಯದು ‘ಹೌಂಡ್ ಡಾಗ್’. ಹೆಸರು ಕೇಳಿದ ಕೂಡಲೇ ಎಲ್ಲರೂ ಎಲ್ವಿಸ್ ಪ್ರೀಸ್ಲಿ ಅನ್ನುತ್ತಾರೆ. ಎಲ್ವಿಸ್ ಅದನ್ನು ಹಾಡಿದ್ದು 1956ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲು, 1952ರ ಆಗಸ್ಟ್‌ನಲ್ಲಿ, ಲಾಸ್ ಏಂಜಲೀಸ್‌ನ ಸ್ಟುಡಿಯೊದಲ್ಲಿ ವಿಲ್ಲಿ ಮೇ ಥಾರ್ನ್‌ಟನ್ ಅದನ್ನು ಹಾಡಿದ್ದರು. ಜನ ಅವರನ್ನು ಕರೆಯುತ್ತಿದ್ದುದು ಬಿಗ್ ಮಾಮಾ ಎಂದು. ಹಾಡು ಬರೆದ ಜೆರ್ರಿ ಲೀಬರ್, ಮೈಕ್ ಸ್ಟಾಲರ್ ಇಬ್ಬರಿಗೂ ಆಗ ಹತ್ತೊಂಬತ್ತರ ಹರೆಯ. ದುಡಿಯದೆ, ಹೆಂಗಸಿನ ಮನೆ ಬಾಗಿಲಲ್ಲಿ ಸುಳಿದಾಡಿ ಹೊಟ್ಟೆ ಹೊರೆಯುವ ಗಂಡಸೊಬ್ಬನನ್ನು ಆಕೆ ಆಚೆ ಅಟ್ಟುವ ಹಾಡದು. ಥಾರ್ನ್‌ಟನ್ ಅವಸರ ಮಾಡುವುದಿಲ್ಲ. ಒಂದೊಂದು ಸಾಲನ್ನೂ ಎದೆಯಾಳದಿಂದ ಗುರುಗುಟ್ಟಿ ಎಸೆಯುತ್ತಾರೆ, ಗಿಟಾರ್ ಅದಕ್ಕೆ ಮಾತು ಕೂಡಿಸುತ್ತದೆ, ಕೊನೆಯಲ್ಲಿ ವಾದ್ಯದವರೆಲ್ಲ ಸೇರಿ ನಾಯಿಗಳಂತೆ ಬೊಗಳಿ ಊಳಿಡುತ್ತಾರೆ. ಎಲ್ವಿಸ್ ಕೈಗೆ ಬರುವಷ್ಟರಲ್ಲಿ ಮಾತುಗಳು ಬದಲಾಗಿದ್ದವು. ಲಾಸ್ ವೇಗಸ್‌ನಲ್ಲಿ ಒಂದು ತಂಡ ಹಾಡುತ್ತಿದ್ದ ಪಾಠವನ್ನು ಅವರು ಎತ್ತಿಕೊಂಡರು. ಅದರಲ್ಲಿ ಆ ಹೆಂಗಸೂ ಇಲ್ಲ, ಆ ಗಂಡಸೂ ಇಲ್ಲ. ಉಳಿದದ್ದು ನಾಯಿ ಮಾತ್ರ. ಡ್ರಮ್ಸ್ ಅಬ್ಬರ ಕಾಲು ಕುಣಿಸುತ್ತದೆ, ನಿಜ. ಆದರೆ ಬದುಕಿನ ಸಿಟ್ಟು ಇರುವುದು ಥಾರ್ನ್‌ಟನ್ ದನಿಯಲ್ಲಿ.

ಬೀಟಲ್ಸ್ ಬಂದಾಗ ಮೊದಲ ನಿಯಮ ಚುರುಕು ಮುಟ್ಟಿಸುತ್ತದೆ. ‘ಹೇ ಜೂಡ್’ ಬೇಕೋ, ‘ಹಿಯರ್ ಕಮ್ಸ್ ದ ಸನ್’ ಬೇಕೋ? 1968ರ ‘ಹೇ ಜೂಡ್’ ದೊಡ್ಡ ಹಾಡು. ಅಪ್ಪ ಅಮ್ಮ ಬೇರೆಯಾದಾಗ ಜಾನ್ ಲೆನನ್‌ರ ಪುಟ್ಟ ಮಗ ಜೂಲಿಯನ್‌ನನ್ನು ಸಮಾಧಾನ ಮಾಡಲು ಪಾಲ್ ಮೆಕಾರ್ಟ್ನಿ ಕಟ್ಟಿದ್ದು. ಏಳು ನಿಮಿಷ ದಾಟುವ ಆ ಹಾಡಿನ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ಆಲಾಪದ ಸುತ್ತು. ಆದರೂ ನಾನು ಆರಿಸುವುದು ಜಾರ್ಜ್ ಹ್ಯಾರಿಸನ್ ಬರೆದ ಇನ್ನೊಂದನ್ನು. 1969ರ ವಸಂತದಲ್ಲಿ, ಕಂಪನಿಯ ವ್ಯವಹಾರದ ಸಭೆಗೆ ಚಕ್ಕರ್ ಹೊಡೆದು, ಎರಿಕ್ ಕ್ಲಾಪ್ಟನ್ ಮನೆಯ ತೋಟದಲ್ಲಿ ಗಿಟಾರ್ ಹಿಡಿದು ಓಡಾಡುತ್ತಿದ್ದಾಗ ಹುಟ್ಟಿದ ಹಾಡು ಅದು. ಗಿಟಾರ್ ತಂತಿಗಳನ್ನು ಒತ್ತಿ ಹಿಡಿಯುವ ಕ್ಯಾಪೊವನ್ನು ಏಳನೆಯ ಫ್ರೆಟ್‌ನಷ್ಟು ಮೇಲೆ ಕಟ್ಟಿದ್ದರಿಂದ ತಂತಿಗಳು ಅಷ್ಟು ಎಳೆಯ, ತಿಳಿಯಾದ ನಾದ ಕೊಡುತ್ತವೆ. ಸೂರ್ಯನನ್ನು ಮತ್ತೆ ಮತ್ತೆ ಕೂಗುವ ನಡುವಿನ ಭಾಗ ಬಂದಾಗ ತೊಡೆಯ ಮೇಲೆ ತಾಳ ಹಾಕಿ ನೋಡಿ. ನಾಲ್ಕರ ಎಣಿಕೆ ಅಲ್ಲಿ ಕೂಡುವುದಿಲ್ಲ. ‘ತಕಿಟ ತಕಿಟ ತಕಿಟ ತಕ’ ಎಂದು ಹೇಳಿಕೊಳ್ಳಿ, ದಾರಿ ಸಿಗುತ್ತದೆ. ಹ್ಯಾರಿಸನ್ ರವಿಶಂಕರ್ ಅವರ ಬಳಿ ಸಿತಾರ್ ಕಲಿತವರು. ಆ ಲಯ ಎಲ್ಲಿಂದ ಬಂತೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ಕ್ಕೆ ನನ್ನ ಶಿಫಾರಸು ಬೇಡ, ನೀವು ಎಲ್ಲಾದರೂ ಕೇಳಿಯೇ ಇರುತ್ತೀರಿ. ಮತ್ತೆ ಕೇಳುವಾಗ ಕೊನೆಯಲ್ಲಿ ಡಾನ್ ಫೆಲ್ಡರ್, ಜೋ ವಾಲ್ಶ್ ಅವರ ಎರಡು ಗಿಟಾರ್‌ಗಳು ಸರದಿಯಲ್ಲಿ ನುಡಿದು ಆಮೇಲೆ ಜೊತೆಗೂಡುವುದನ್ನು ಗಮನಿಸಿ. ಪಾಲ್ ಸೈಮನ್ ಇಂಗ್ಲೆಂಡಿನ ಊರೂರು ಸುತ್ತಿ ಹಾಡುತ್ತಿದ್ದ ದಿನಗಳ ‘ಹೋಮ್‌ವರ್ಡ್ ಬೌಂಡ್’, ನೀಲ್ ಯಂಗ್‌ರ ‘ಹಾರ್ಟ್ ಆಫ್ ಗೋಲ್ಡ್’ ಎರಡೂ ಪಟ್ಟಿಯಲ್ಲಿವೆ. ಎರಡನೆಯದರ ಮೌತ್‌ಆರ್ಗನ್ ಸಂಜೆ ಹೊತ್ತಿಗೆ ಬಹಳ ಹಿತ.

ಡೇವಿಡ್ ಬೋವಿಯ ‘ಹೀರೋಸ್’ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. 1977, ಪಶ್ಚಿಮ ಬರ್ಲಿನ್, ಹಾನ್ಸಾ ಸ್ಟುಡಿಯೊ. ಕಿಟಕಿಯಿಂದ ನೋಡಿದರೆ ಬರ್ಲಿನ್ ಗೋಡೆ. ಆ ಗೋಡೆಯ ಬಳಿ ಮುತ್ತಿಡುತ್ತಿದ್ದ ಇಬ್ಬರನ್ನು ಕಂಡದ್ದೇ ಹಾಡಿನ ಬೀಜ. ನಿರ್ಮಾಪಕ ಟೋನಿ ವಿಸ್ಕಾಂಟಿ ಆ ದೊಡ್ಡ ಹಾಲ್‌ನಲ್ಲಿ ಮೂರು ಮೈಕು ಇಟ್ಟರು: ಒಂದು ಬಾಯಿಂದ ಗೇಣು ದೂರದಲ್ಲಿ, ಇನ್ನೊಂದು ಸುಮಾರು 20 ಅಡಿ, ಮತ್ತೊಂದು 50 ಅಡಿ ಆಚೆ. ದೂರದ ಮೈಕುಗಳು ದನಿ ಒಂದು ಮಟ್ಟ ಮೀರಿದಾಗ ಮಾತ್ರ ತೆರೆದುಕೊಳ್ಳುವಂತೆ ಏರ್ಪಾಡು. ಹಾಗಾಗಿ ಬೋವಿ ಮೊದಲು ಕಿವಿಯ ಹತ್ತಿರ ಪಿಸುಗುಡುತ್ತಾರೆ. ದನಿ ಏರಿಸಿದಂತೆ ಇಡೀ ಹಾಲ್ ಅವರೊಂದಿಗೆ ತೆರೆದುಕೊಳ್ಳುತ್ತದೆ. ಕಡೆಗೆ ಆ ದೂರವನ್ನೆಲ್ಲ ದಾಟಲು ಗಂಟಲು ಹರಿಯುವಂತೆ ಕೂಗುತ್ತಾರೆ. ಹಿಂದೆ ರಾಬರ್ಟ್ ಫ್ರಿಪ್ ಅವರ ಗಿಟಾರ್ ನಾದ ಎಡೆಬಿಡದೆ ಹರಿಯುತ್ತಿರುತ್ತದೆ. 1987ರಲ್ಲಿ ಬೋವಿ ಗೋಡೆಯ ಪಕ್ಕದಲ್ಲೇ ಕಛೇರಿ ನಡೆಸಿದಾಗ, ಪೂರ್ವ ಬರ್ಲಿನ್ನಿನ ತರುಣರು ಆಚೆ ಬದಿ ನೆರೆದು ಕೇಳಿದರು. ಈ ಪಟ್ಟಿಯಲ್ಲಿ ಒಂದೇ ಹಾಡಿಗೆ ಜಾಗ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಇನ್ನು ಕಂಠ ಬದಲಿಸಿದ ಮೂರರಲ್ಲಿ ಉಳಿದೆರಡು. ಲೆನರ್ಡ್ ಕೋಹನ್ ‘ಹಲ್ಲೆಲೂಯ’ವನ್ನು ವರ್ಷಗಟ್ಟಲೆ ತಿದ್ದಿದರು, ಚರಣದ ಮೇಲೆ ಚರಣ ಬರೆದರು. ಅದಿದ್ದ ‘ವೇರಿಯಸ್ ಪೊಸಿಷನ್ಸ್’ ಆಲ್ಬಮನ್ನು ಅವರ ಕಂಪನಿ ಅಮೆರಿಕದಲ್ಲಿ ಹೊರತರಲು ಒಪ್ಪಲಿಲ್ಲ. 1991ರಲ್ಲಿ ಜಾನ್ ಕೇಲ್ ಪಿಯಾನೊ ಮುಂದೆ ಕೂತು ಅದನ್ನು ಹಾಡಿದರು. 1994ರಲ್ಲಿ ಜೆಫ್ ಬಕ್ಲಿ ಒಂದೇ ಗಿಟಾರ್ ಹಿಡಿದು ಹಾಡಿದರು. ಆಮೇಲೆ ಅದು ಲೋಕದ ಹಾಡಾಯಿತು. ಮೊದಲ ಚರಣದಲ್ಲಿ ಸ್ವರಗಳ ಏರಿಳಿತವನ್ನು ಮಾತು ಹೇಳುತ್ತಿರುವಾಗಲೇ ಸಂಗೀತ ಆ ಮೆಟ್ಟಿಲುಗಳನ್ನು ತುಳಿಯುತ್ತದೆ. ಅಂಥ ಕುಸುರಿಯನ್ನು ನಾನು ಬೇರೆಲ್ಲೂ ಕೇಳಿಲ್ಲ.

‘ಹರ್ಟ್’ ಅನ್ನು 1994ರಲ್ಲಿ ತನ್ನ ತಂಡ ನೈನ್ ಇಂಚ್ ನೇಲ್ಸ್‌ಗಾಗಿ ಬರೆದಾಗ ಟ್ರೆಂಟ್ ರೆಜ್ನರ್ ಇನ್ನೂ ಯುವಕ. ಅದು ತನ್ನನ್ನೇ ನೋಯಿಸಿಕೊಳ್ಳುವ ಹುಡುಗನ ಹಾಡು. 2002ರಲ್ಲಿ ಎಪ್ಪತ್ತರ ಜಾನಿ ಕ್ಯಾಶ್ ಅದನ್ನು ಹಾಡಿದರು, ಒಂದೇ ಒಂದು ಪದ ಬದಲಿಸಿ. ದನಿ ನಡುಗುತ್ತದೆ, ಪಿಯಾನೊದ ಒಂದೇ ಸ್ವರ ಮತ್ತೆ ಮತ್ತೆ ಬಡಿಯುತ್ತ ಏರುತ್ತದೆ. ಮುಂದಿನ ವರ್ಷ ಮೇ ತಿಂಗಳಲ್ಲಿ ಹೆಂಡತಿ ಜೂನ್ ತೀರಿಕೊಂಡರು, ಸೆಪ್ಟೆಂಬರಿನಲ್ಲಿ ಕ್ಯಾಶ್. ‘ಹೌಂಡ್ ಡಾಗ್’ಗೆ ಆದಂತೆ ಇಲ್ಲಿ ಮಾತು ಪೊಳ್ಳಾಗಲಿಲ್ಲ, ಹುಡುಗನ ಹಾಡು ಮುದುಕನ ಹಾಡಾಗಿ ಬೆಳೆಯಿತು.

ಈ ಪಟ್ಟಿ ಕೈಗೆತ್ತಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಮೂರು ಹಾಡುಗಳನ್ನೂ ಹುಟ್ಟಿದ ಕ್ರಮದಲ್ಲೇ ಕೇಳಿ: ಎಲ್ವಿಸ್‌ಗಿಂತ ಮೊದಲು ಥಾರ್ನ್‌ಟನ್, ಬಕ್ಲಿಗಿಂತ ಮೊದಲು ಕೋಹನ್, ಕ್ಯಾಶ್‌ಗಿಂತ ಮೊದಲು ರೆಜ್ನರ್. ಸಮಯ ಕಡಿಮೆಯಿದ್ದರೆ ಥಾರ್ನ್‌ಟನ್ ಒಬ್ಬರನ್ನಾದರೂ ಕೇಳಿ. ಮೂರು ನಿಮಿಷವೂ ಹಿಡಿಯುವುದಿಲ್ಲ.